ದೊಡ್ಡ ಕಾಯಿಲೆ ದಾಟಿ ಬಂದವರು ಮನೆಸಾಲಕ್ಕೆ ಜೀವವಿಮೆ ಮಾಡಿಸುವುದು ಹೇಗೆ?

ಮೈಸೂರಿನ ದಟ್ಟಗಳ್ಳಿಯಲ್ಲಿ ಮನೆ ಕಟ್ಟಲು ₹28 ಲಕ್ಷ ಸಾಲ ಮಂಜೂರಾಗಿತ್ತು. ಸಹಿ ಹಾಕಲು ಬ್ಯಾಂಕಿಗೆ ಹೋದ ದಿನ, ಹಾಳೆಯ ಮೇಲೆ ಹಾಳೆ ತಿರುವಿ ಕೈ ಸೋತ ಮೇಲೆ ಕೊನೆಗೊಂದು ಹಾಳೆ ಬಂತು. ಸಾಲದ ಜೊತೆ ಕೊಡುವ ಜೀವವಿಮೆಯ ಹಾಳೆ ಅದು, 'ಉತ್ತಮ ಆರೋಗ್ಯದ ಘೋಷಣೆ' ಅದರ ತಲೆಬರಹ. ಹೃದಯ, ಮೂತ್ರಪಿಂಡ, ಕ್ಯಾನ್ಸರ್, ಪಾರ್ಶ್ವವಾಯು, ಹೀಗೆ ಒಂದೊಂದರ ಮುಂದೆಯೂ ಹೌದು, ಇಲ್ಲ ಎಂಬ ಎರಡು ಚೌಕಗಳು. ನಾವು ಕುಳಿತುಕೊಳ್ಳುವ ಮೊದಲೇ ಯಾರೋ ಎಲ್ಲ 'ಇಲ್ಲ' ಚೌಕಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಟ್ಟಿದ್ದರು. ಹೃದಯದ ಸಾಲಿಗೆ ಬಂದಾಗ ನಮ್ಮ ಯಜಮಾನರ ಪೆನ್ನು ನಿಂತಿತು. ಎರಡು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು.

"ಅದನ್ನೆಲ್ಲ ಬರೆದರೆ ಫೈಲು ಇಲ್ಲೇ ನಿಲ್ಲುತ್ತದೆ ಸರ್. ಎಲ್ಲರೂ ಇಲ್ಲ ಎಂದೇ ಹಾಕುತ್ತಾರೆ" ಎಂದರು ಎದುರಿಗಿದ್ದ ಹುಡುಗ. ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ನಮಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ಅವನು ನಂಬಿದ್ದ. ನಾನು ಆ ಹಾಳೆಯನ್ನು ಎತ್ತಿಕೊಂಡು, ಇದನ್ನು ಮನೆಗೆ ಒಯ್ದು ಓದಿ ತರುತ್ತೇವೆ ಎಂದೆ.

ಹಾಗೆ ಹೇಳುವ ಧೈರ್ಯ ನನಗೆ ಬಂದದ್ದು ಮಂಡ್ಯದ ನನ್ನ ಅಕ್ಕನಿಂದ. ಭಾವನಿಗೆ ಮೂತ್ರಪಿಂಡದ ತೊಂದರೆಯಿತ್ತು, ಸಾಲ ತೆಗೆಯುವ ಆರು ತಿಂಗಳ ಮೊದಲೇ ಚಿಕಿತ್ಸೆ ಶುರುವಾಗಿತ್ತು. ವಿಮೆಯ ಅರ್ಜಿಯನ್ನು ಬೇರೆಯವರು ತುಂಬಿದರು, ಭಾವ ಸಹಿ ಮಾಡಿದರು. ಹದಿನಾಲ್ಕು ತಿಂಗಳಿಗೆ ಅವರು ತೀರಿಕೊಂಡರು. ಪುಣ್ಯತಿಥಿಗೂ ಮೊದಲು ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮೈಸೂರಿನ ಬಸ್ ಹತ್ತಿ ಬಂದು ನನ್ನ ಕೈಗಿಟ್ಟು, ಏನು ಬರೆದಿದ್ದಾರೆ ಓದು ಎಂದಳು. ಕಾಯಿಲೆ ಮುಚ್ಚಿಟ್ಟದ್ದರಿಂದ ಹಣ ಕೊಡಲಾಗದು ಎಂದಿತ್ತು. ಓದಿ ಹೇಳಲು ನನಗೆ ಬಾಯಿಯೇ ಬರಲಿಲ್ಲ. ಆ ಸಾಲದ ಕಂತನ್ನು ಇವತ್ತಿಗೂ ಅವಳ ಮಗ ಕಟ್ಟುತ್ತಿದ್ದಾನೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಬಂದು ಹೋದವರಿಗೆ ಪಾಲಿಸಿ ಸಿಗುವುದು ದೊಡ್ಡ ಮಾತಲ್ಲ, ಕ್ಲೈಮ್ ಸಿಗುವುದು ದೊಡ್ಡ ಮಾತು. ಸುಳ್ಳು ಟಿಕ್ಕಿನ ಮೇಲೆ ಸಿಕ್ಕ ಪಾಲಿಸಿಗಿಂತ ನಿಜ ಹೇಳಿ ತಿರಸ್ಕಾರವಾದ ಅರ್ಜಿ ಮೇಲು. ತಿರಸ್ಕಾರವಾದರೆ ಬೇರೆ ದಾರಿ ಹುಡುಕಲು ನಮಗೆ ಕಾಲವಾದರೂ ಇರುತ್ತದೆ.

ಯಾವ ವಿಮೆ ಎಂದು ಮೊದಲು ತಿಳಿಯಿರಿ

ಸಾಲದ ಜೊತೆ 'ಇನ್ಶೂರೆನ್ಸ್' ಎಂದು ಎರಡು ಬೇರೆ ಬೇರೆ ಸರಕುಗಳು ಬರುತ್ತವೆ. ಒಂದು ಕಟ್ಟಡದ್ದು, ಬೆಂಕಿ, ಪ್ರವಾಹ, ಭೂಕಂಪಕ್ಕೆ ಸಂಬಂಧಿಸಿದ್ದು. ಇನ್ನೊಂದು ಸಾಲಗಾರನ ಜೀವದ್ದು. "ನಮ್ಮ ಸಾಲಕ್ಕೆ ಇನ್ಶೂರೆನ್ಸ್ ಇದೆ" ಎಂದು ನೆಮ್ಮದಿಯಾಗಿರುವ ಎಷ್ಟೋ ಮನೆಗಳಲ್ಲಿ ಇರುವುದು ಮೊದಲನೆಯದು ಮಾತ್ರ. ನಿಮ್ಮ ಕಾಗದ ತೆಗೆದು ಯಾವುದೆಂದು ನೋಡಿಕೊಳ್ಳಿ.

ಜೀವದ ವಿಮೆಯಲ್ಲೂ ಎರಡು ಬಗೆ. ಬ್ಯಾಂಕಿನ ಮೂಲಕ ಬರುವ ಗುಂಪು ವಿಮೆಯಲ್ಲಿ ಸಾಲ ಕರಗಿದಂತೆ ವಿಮೆಯ ಮೊತ್ತವೂ ಇಳಿಯುತ್ತದೆ. ಸಾಲಗಾರ ತೀರಿಕೊಂಡರೆ ಹಣ ಮೊದಲು ಸಾಲದ ಬಾಕಿಗೆ ಹೋಗುತ್ತದೆ, ಉಳಿದರೆ ನಾಮಿನಿಗೆ. ಇದರ ಪ್ರೀಮಿಯಂ ಸಾಮಾನ್ಯವಾಗಿ ಒಂದೇ ಸಲಕ್ಕೆ, ಅದನ್ನು ಸಾಲಕ್ಕೇ ಸೇರಿಸಿಬಿಡುತ್ತಾರೆ. ₹1.2 ಲಕ್ಷ ಪ್ರೀಮಿಯಂ ಅನ್ನು 8.5% ಬಡ್ಡಿಯ 20 ವರ್ಷದ ಸಾಲಕ್ಕೆ ಸೇರಿಸಿದರೆ ತಿಂಗಳಿಗೆ ಸುಮಾರು ₹1,040 ಹೆಚ್ಚುತ್ತದೆ. ಕೊನೆಗೆ ಕಟ್ಟಿದ್ದು ₹2.5 ಲಕ್ಷದ ಹತ್ತಿರ. ಎರಡನೆಯದು ನಾವೇ ನೇರವಾಗಿ ಮಾಡಿಸುವ ಟರ್ಮ್ ಪಾಲಿಸಿ, ಅಂದರೆ ನಿಗದಿತ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಬರುವ ವಿಮೆ. ಮೊತ್ತ ಕೊನೆಯವರೆಗೂ ಅಷ್ಟೇ ಇರುತ್ತದೆ, ಹಣ ನಾಮಿನಿಯ ಕೈಗೆ ಬರುತ್ತದೆ, ಸಾಲ ಬೇರೆ ಬ್ಯಾಂಕಿಗೆ ವರ್ಗಾಯಿಸಿದರೂ ಪಾಲಿಸಿ ನಮ್ಮದೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಯ ಪ್ರೀಮಿಯಂಗೆ ಜಿಎಸ್‌ಟಿ ಇಲ್ಲ, ಗುಂಪು ವಿಮೆಗೆ ಆ ವಿನಾಯಿತಿ ಬಂದಿಲ್ಲ.

ಕಾಯಿಲೆ ದಾಟಿ ಬಂದವರಿಗೆ ಟರ್ಮ್ ಪಾಲಿಸಿಯೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ನಮ್ಮ ವರದಿಗಳನ್ನು ಕೂಲಂಕಷವಾಗಿ ನೋಡಿ, ತಪಾಸಣೆ ಮಾಡಿ, ಗೊತ್ತಿದ್ದೂ ಒಪ್ಪಿಕೊಂಡಿರುತ್ತಾರೆ. ಗುಂಪು ವಿಮೆಯಲ್ಲಿ ಒಂದು ಮಿತಿಯವರೆಗೆ ತಪಾಸಣೆಯೇ ಇಲ್ಲದೆ, ಆ ಒಂದು ಹಾಳೆಯ ಘೋಷಣೆಯ ಮೇಲೆ ಪ್ರಮಾಣಪತ್ರ ಕೊಡುತ್ತಾರೆ. ಆರೋಗ್ಯವಂತರಿಗೆ ಅದು ಅನುಕೂಲ. ನಮ್ಮಂಥವರ ಪರೀಕ್ಷೆ ನಡೆಯುವುದು ಸತ್ತ ಮೇಲೆ.

ಇನ್ನೊಂದು ಮಾತು: ಗೃಹಸಾಲಕ್ಕೆ ಜೀವವಿಮೆ ಕಡ್ಡಾಯ ಎಂದು ಯಾವ ಕಾನೂನೂ ಹೇಳುವುದಿಲ್ಲ. ಇದೇ ಕಂಪನಿಯದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಸಾಲವಿಲ್ಲ ಎಂದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ.

ಕಾಗದ ಕೂಡಿಸುವುದು

ಖಾತೆ, ಇ.ಸಿ., ಕಂದಾಯದ ರಸೀದಿಗಳನ್ನು ನಾವು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿ ಬೀರುವಿನಲ್ಲಿ ಭದ್ರ ಮಾಡುತ್ತೇವೆ. ಆಸ್ಪತ್ರೆಯ ಕಾಗದಗಳು ಮಾತ್ರ ಔಷಧಿ ಅಂಗಡಿಯ ಕವರಿನಲ್ಲಿ ಮುದುಡಿ, ಫ್ರಿಜ್ ಮೇಲೆ ಬಿದ್ದಿರುತ್ತವೆ. ಈ ಕೆಲಸಕ್ಕೆ ಎರಡೂ ಸಮಾನ ಬೆಲೆಯವು.

ಬೇಕಾದವು ಇವು: ಡಿಸ್ಚಾರ್ಜ್ ಸಾರಾಂಶ, ಶಸ್ತ್ರಚಿಕಿತ್ಸೆ ಅಥವಾ ಆಂಜಿಯೋಪ್ಲಾಸ್ಟಿಯ ವರದಿ, ಆಮೇಲಿನ ಪ್ರತಿ ಭೇಟಿಯ ಚೀಟಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ಹೃದಯದವರಿಗೆ ಇತ್ತೀಚಿನ ಎಕೋ ವರದಿ ಮುಖ್ಯ. ಅದರಲ್ಲಿ ಹೃದಯ ಪ್ರತಿ ಬಡಿತಕ್ಕೆ ಎಷ್ಟು ಶೇಕಡಾ ರಕ್ತ ಹೊರದಬ್ಬುತ್ತದೆ ಎಂಬ ಅಂಕಿ ಇರುತ್ತದೆ, ವಿಮಾ ಕಂಪನಿಯ ವೈದ್ಯರು ಮೊದಲು ಹುಡುಕುವುದೇ ಅದನ್ನು. ಜೊತೆಗೆ ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ), ಕೊಲೆಸ್ಟ್ರಾಲ್, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ. ಕ್ಯಾನ್ಸರ್ ಗೆದ್ದವರಿಗೆ ಬಯಾಪ್ಸಿ ವರದಿ, ಯಾವ ಹಂತ ಎಂಬ ವಿವರ, ಕೊನೆಯ ಕೀಮೋ ಅಥವಾ ವಿಕಿರಣ ಚಿಕಿತ್ಸೆಯ ದಿನಾಂಕ, ಆ ನಂತರದ ಸ್ಕ್ಯಾನ್‌ಗಳು. ಪಾರ್ಶ್ವವಾಯುವಾದವರಿಗೆ ಎಂಆರ್‌ಐ, ಕೈಕಾಲಿನ ಬಲ ಎಷ್ಟು ಮರಳಿದೆ ಎಂದು ವೈದ್ಯರು ಬರೆದ ಮಾತು.

ಕಾಗದ ಕಳೆದುಹೋಗಿದ್ದರೆ ತಡಮಾಡಬೇಡಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ದಾಟಿದ ಮೇಲೆ ಸಿಗುವುದು ಅದೃಷ್ಟ. ಮೈಸೂರಿನ ಜಯದೇವ, ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಎಲ್ಲಿ ಚಿಕಿತ್ಸೆಯಾಗಿದ್ದರೂ ವೈದ್ಯಕೀಯ ದಾಖಲೆ ವಿಭಾಗಕ್ಕೆ ಹೋಗಿ, ಒಳರೋಗಿ ಸಂಖ್ಯೆ ಬರೆದು ಲಿಖಿತ ಅರ್ಜಿ ಕೊಡಿ, ಅದರ ನಕಲಿಗೆ ಮುದ್ರೆ ಹಾಕಿಸಿಕೊಳ್ಳಿ.

ಕೊನೆಯದಾಗಿ, ಈಗ ನೋಡುತ್ತಿರುವ ವೈದ್ಯರಿಂದ ಅರ್ಧ ಪುಟದ ಪತ್ರ ಬರೆಸಿಕೊಳ್ಳಿ: ಕಾಯಿಲೆ ಯಾವಾಗ ಬಂತು, ಏನು ಮಾಡಿದೆವು, ಈಗ ಹೇಗಿದ್ದಾರೆ, ಕೆಲಸಕ್ಕೆ ಹೋಗುತ್ತಿದ್ದಾರೆಯೇ. ನಮ್ಮ ಅರ್ಜಿಯಲ್ಲಿ ಹೆಚ್ಚು ಕೆಲಸ ಮಾಡಿದ್ದು ಈ ಪತ್ರವೇ ಎಂದು ನನಗೆ ಅನಿಸುತ್ತದೆ.

ಯಾವಾಗ ಅರ್ಜಿ ಹಾಕಬೇಕು

ಆಸ್ಪತ್ರೆಯಿಂದ ಬಂದ ಮಾರನೆಯ ತಿಂಗಳೇ ಹಾಕಿದರೆ ಬರುವ ಉತ್ತರ ಒಂದೇ, ಮುಂದೂಡಲಾಗಿದೆ. ಹೃದಯಾಘಾತ, ಸ್ಟೆಂಟ್ ಆದವರಿಗೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಾಯಿಸುತ್ತಾರೆ. ಕ್ಯಾನ್ಸರ್ ಆದವರಿಗೆ ಚಿಕಿತ್ಸೆ ಮುಗಿದ ದಿನದಿಂದ ಎರಡರಿಂದ ಐದು ವರ್ಷ, ಕಾಯಿಲೆಯ ಬಗೆ, ಹಂತ ನೋಡಿ. ಈ ಅವಧಿ ಕಂಪನಿಯಿಂದ ಕಂಪನಿಗೆ ಬೇರೆ.

ಆತುರಕ್ಕೆ ನಾಲ್ಕೈದು ಕಡೆ ಒಟ್ಟಿಗೆ ಅರ್ಜಿ ಹಾಕುವುದು ತಪ್ಪು. "ಈ ಹಿಂದೆ ಯಾವುದಾದರೂ ಕಂಪನಿ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದೆಯೇ, ಮುಂದೂಡಿದೆಯೇ?" ಎಂಬ ಪ್ರಶ್ನೆ ಪ್ರತಿ ಅರ್ಜಿಯಲ್ಲೂ ಇರುತ್ತದೆ, ಅದಕ್ಕೂ ನಿಜವನ್ನೇ ಬರೆಯಬೇಕಾಗುತ್ತದೆ. ಅನುಭವಿ ಏಜೆಂಟರಾದರೆ ವರದಿಗಳನ್ನು ಮೊದಲು ಕಂಪನಿಯ ವೈದ್ಯಕೀಯ ವಿಭಾಗಕ್ಕೆ ತೋರಿಸಿ, ಒಪ್ಪುವ ಸಾಧ್ಯತೆ ಇದೆಯೇ ಎಂದು ಬಾಯಿಮಾತಿನಲ್ಲಿ ಕೇಳಿ ಬರಬಲ್ಲರು. ಇದನ್ನು ಕೇಳಲು ಸಂಕೋಚಪಡಬೇಡಿ. ಎಲ್‌ಐಸಿಯಲ್ಲಿ ವಿಚಾರಿಸುವುದಾದರೆ ಮೈಸೂರು ವಿಭಾಗೀಯ ಕಚೇರಿ ಬನ್ನಿಮಂಟಪದಲ್ಲಿದೆ.

ಅರ್ಜಿ ತುಂಬುವುದು: ಇಲ್ಲಿ ನಿಧಾನಿಸಿ

ಅರ್ಜಿಯನ್ನು ನೀವೇ ತುಂಬಿ. ಬೇರೆಯವರು ತುಂಬಿದರೆ ಎದುರಿಗೆ ಕುಳಿತು ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿಸಿಕೊಳ್ಳಿ. ಅರ್ಜಿಯ ಕೊನೆಯಲ್ಲಿ "ಇದರ ವಿಷಯವನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ" ಎಂಬ ಸಾಲು ಇದ್ದು ಅದಕ್ಕೂ ಸಹಿ ಬೇಕಿರುತ್ತದೆ. ವಿವರಿಸದೆ ಅಲ್ಲಿ ಸಹಿ ಮಾಡಬೇಡಿ. ಭಾವ ಮಾಡಿದ ಸಹಿ ಅದೇ ಸಾಲಿನ ಕೆಳಗಿತ್ತು.

'ಹೌದು' ಎಂದು ಟಿಕ್ ಮಾಡಿದರೆ ಸಾಲದು. ಜಾಗ ಸಾಲದಿದ್ದರೆ ಬೇರೆ ಹಾಳೆಯಲ್ಲಿ ಕಾಯಿಲೆಯ ಹೆಸರು, ತಿಂಗಳು, ವರ್ಷ, ಆಸ್ಪತ್ರೆ, ಮಾತ್ರೆ ಎಲ್ಲ ಬರೆದು ಸಹಿ ಮಾಡಿ ಲಗತ್ತಿಸಿ. "ಸ್ವಲ್ಪ ಬಿ.ಪಿ. ಇತ್ತು" ಎಂಬಂಥ ಮಾತು ಬೇಡ. ಬೇರೆ ಪಾಲಿಸಿಗಳಿದ್ದರೆ ಅವನ್ನೂ ಬರೆಯಿರಿ.

ತಂಬಾಕಿನ ಪ್ರಶ್ನೆಯಲ್ಲಿ ನಮ್ಮ ಕಡೆಯವರು ಎಡವುವುದು ಹೆಚ್ಚು. ಬೀಡಿ, ಸಿಗರೇಟು ಸೇದದವರು ನಿಶ್ಚಿಂತೆಯಿಂದ 'ಇಲ್ಲ' ಎನ್ನುತ್ತಾರೆ. ಆದರೆ ಊಟವಾದ ಮೇಲೆ ಎಲೆ ಅಡಿಕೆ ಜೊತೆ ಒಂದು ಚಿಟಿಕೆ ಕಡ್ಡಿಪುಡಿ ಬೇಕು. ಅದೂ ತಂಬಾಕೇ. ತಂಬಾಕಿನ ಅಂಶ ಮೈಯಲ್ಲಿದೆಯೇ ಎಂದು ನೋಡುವ ರಕ್ತ ಅಥವಾ ಮೂತ್ರದ ಕೋಟಿನಿನ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅತ್ತೆಮನೆಯ ಹಿರಿಯರೊಬ್ಬರಿಗೆ ಇದನ್ನು ವಿವರಿಸಿದಾಗ ಅವರು ನಿಜವಾಗಿಯೂ ಆಶ್ಚರ್ಯಪಟ್ಟರು, ಸುಳ್ಳು ಹೇಳುವ ಉದ್ದೇಶವೇ ಅವರಿಗಿರಲಿಲ್ಲ.

"ಮೂರು ವರ್ಷ ಕಳೆದರೆ ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ" ಎಂದು ಧೈರ್ಯ ತುಂಬುವವರು ಸಿಗುತ್ತಾರೆ. 1938ರ ವಿಮಾ ಕಾಯ್ದೆಯ 45ನೇ ಕಲಮು ಹಾಗೆ ಹೇಳುವುದು ನಿಜ. ಮೂರು ವರ್ಷದ ನಂತರ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಆದರೆ ಕಾಯಿಲೆಯಿಂದ ಎದ್ದವರಿಗೆ ಅಪಾಯ ಹೆಚ್ಚಿರುವುದು ಆ ಮೊದಲ ಮೂರು ವರ್ಷಗಳಲ್ಲೇ. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟರೆ ಕಂಪನಿ ಹಣ ನಿರಾಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲೂ ಎತ್ತಿಹಿಡಿದಿದೆ.

ತುಂಬಿದ ಅರ್ಜಿಯ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಆಮೇಲೆ ಕೊಡಿ.

ತಪಾಸಣೆ ಮತ್ತು ಉತ್ತರ

ತಪಾಸಣೆಗೆ ಕಂಪನಿಯೇ ಪ್ರಯೋಗಾಲಯ ಗೊತ್ತುಮಾಡುತ್ತದೆ. ಹಿಂದಿನ ರಾತ್ರಿಯ ಊಟದಿಂದ 10-12 ಗಂಟೆ ಹೊಟ್ಟೆ ಖಾಲಿಯಿರಲಿ. ಯಾವ ಮಾತ್ರೆ ಆ ಬೆಳಿಗ್ಗೆ ತೆಗೆದುಕೊಳ್ಳಬೇಕು ಎಂದು ನಿಮ್ಮ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಟಿಎಂಟಿ ಮಾಡಿಸಬಹುದೇ ಎಂದೂ ಅವರಿಂದಲೇ ಖಚಿತ ಮಾಡಿಕೊಳ್ಳಿ. ಜ್ವರ, ಕೆಮ್ಮು ಇದ್ದರೆ ದಿನ ಮುಂದೆ ಹಾಕಿಸಿ.

ಉತ್ತರ ನಾಲ್ಕು ರೀತಿಯಲ್ಲಿ ಬರಬಹುದು: ಒಪ್ಪಿಗೆ, ಹೆಚ್ಚುವರಿ ಪ್ರೀಮಿಯಂ ಕೇಳುವ ಬದಲಿ ಪ್ರಸ್ತಾವ, ಮುಂದೂಡಿಕೆ, ತಿರಸ್ಕಾರ. ನಮಗೆ ಒಂದು ಕಂಪನಿ ಇಲ್ಲವೆಂದಿತು. ಇನ್ನೊಂದು, ವರ್ಷಕ್ಕೆ ₹11,400 ಇದ್ದ ಪ್ರೀಮಿಯಂ ₹19,900 ಆಗುತ್ತದೆ ಎಂದಿತು. ಆ ಪತ್ರ ನೋಡಿ ಯಜಮಾನರು ಬೇಸರಪಟ್ಟರು, ಕಾಯಿಲೆಗೆ ದಂಡ ಕಟ್ಟಿದ ಹಾಗಾಯಿತು ಎಂದರು. ನನಗೆ ಮಾತ್ರ ಅದನ್ನು ಓದಿ ಜೀವ ಬಂದ ಹಾಗಾಯಿತು. ಅವರ ಸ್ಟೆಂಟ್‌ನ ಉಲ್ಲೇಖ ಕಂಪನಿಯ ಕಾಗದದ ಮೇಲೆಯೇ ಇತ್ತು. ನಾಳೆ ಯಾರೂ ಇದನ್ನು ಮುಚ್ಚಿಟ್ಟಿರಿ ಎನ್ನುವಂತಿಲ್ಲ.

ಬದಲಿ ಪ್ರಸ್ತಾವಕ್ಕೆ ನಿಗದಿತ ದಿನದೊಳಗೆ ಒಪ್ಪಿಗೆ ಕೊಡದಿದ್ದರೆ ಅದು ಬಿದ್ದುಹೋಗುತ್ತದೆ. ಪಾಲಿಸಿ ಬಂದ ಮೇಲೆ ಜೊತೆಗಿರುವ ಅರ್ಜಿಯ ನಕಲನ್ನು ನಿಮ್ಮ ಫೋಟೊಗಳ ಪಕ್ಕದಲ್ಲಿಟ್ಟು ತಾಳೆ ನೋಡಿ. ತಪ್ಪಿದ್ದರೆ ಕೂಡಲೇ ಪತ್ರ ಬರೆಯಿರಿ. ಬೇಡವೆನಿಸಿದರೆ 30 ದಿನದೊಳಗೆ ಹಿಂದಿರುಗಿಸಲು ಅವಕಾಶವಿದೆ.

ಪೂರ್ತಿ ಮೊತ್ತಕ್ಕೆ ಸಿಗದಿದ್ದರೆ

ಸಾಲ ಎಷ್ಟೋ ಅಷ್ಟಕ್ಕೇ ವಿಮೆ ಬೇಕೆಂದು ಹಟ ಹಿಡಿಯುವುದು ಬೇಡ. ನಾವು ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು, ಹೇಳಲು ಕಷ್ಟವಾದರೂ, ಒಂದೇ ಪ್ರಶ್ನೆ ಕೇಳಿಕೊಂಡೆವು: ಒಬ್ಬರು ಇಲ್ಲವಾದರೆ ಇನ್ನೊಬ್ಬರ ಸಂಬಳದಲ್ಲಿ ಎಷ್ಟು ಕಂತು ಕಟ್ಟಬಹುದು? ನಾನು ಖಾಸಗಿ ಶಾಲೆಯ ಶಿಕ್ಷಕಿ, ತಿಂಗಳಿಗೆ ಆರು ಸಾವಿರ ಕಟ್ಟಬಲ್ಲೆ. ಅಂದರೆ ಸುಮಾರು ₹6 ಲಕ್ಷದ ಸಾಲ ನನ್ನ ಕೈಯಲ್ಲಿ ತಡೆಯುತ್ತದೆ. ಉಳಿದದ್ದು ₹22 ಲಕ್ಷ.

ಯಜಮಾನರು ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯ ನೌಕರರು. ಭವಿಷ್ಯನಿಧಿ (ಪಿ.ಎಫ್.) ಸದಸ್ಯರಿಗೆ ಇಡಿಎಲ್‌ಐ ಎಂಬ ವಿಮೆ ತಾನಾಗಿಯೇ ಇರುತ್ತದೆ. ನೌಕರ ಸೇವೆಯಲ್ಲಿರುವಾಗ ತೀರಿಕೊಂಡರೆ ಗರಿಷ್ಠ ₹7 ಲಕ್ಷ, ವೈದ್ಯಕೀಯ ತಪಾಸಣೆಯಿಲ್ಲ, ಪ್ರೀಮಿಯಂ ಮಾಲೀಕರದು. ಎಷ್ಟೋ ಕಾರ್ಮಿಕರಿಗೆ ಇದು ಇರುವುದೇ ಗೊತ್ತಿಲ್ಲ. ಕೆಲಸ ಬಿಟ್ಟರೆ ಈ ರಕ್ಷಣೆ ಹೋಗುತ್ತದೆ ಎಂಬುದು ನೆನಪಿರಲಿ. ಹೀಗೆ ನಮಗೆ ಟರ್ಮ್ ಪಾಲಿಸಿ ಬೇಕಿದ್ದದ್ದು ₹15 ಲಕ್ಷಕ್ಕೆ ಮಾತ್ರ. ಸಹ ಸಾಲಗಾರಳಾದ ನನ್ನ ಜೀವಕ್ಕೂ ಬೇರೆ ಪಾಲಿಸಿ ಮಾಡಿಸಿದೆವು. ಹೆಂಡತಿಯ ದುಡಿಮೆಯೂ ಕಂತಿಗೆ ಹೋಗುವ ಮನೆಯಲ್ಲಿ ಗಂಡನಿಗೆ ಮಾತ್ರ ವಿಮೆ ಮಾಡಿಸುವುದು ಅರ್ಧ ಕೆಲಸ.

ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ವಿಮೆ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1891ರಲ್ಲಿ ಶುರುವಾದ ವ್ಯವಸ್ಥೆ ಅದು. ಬ್ಯಾಂಕ್ ಖಾತೆಯಿರುವ 18ರಿಂದ 50 ವರ್ಷದವರು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಗೆ ಸೇರಬಹುದು: ವರ್ಷಕ್ಕೆ ₹436, ಮೊತ್ತ ₹2 ಲಕ್ಷ, ತಪಾಸಣೆಯಿಲ್ಲ, ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಅನ್ವಯ. 55 ವರ್ಷದವರೆಗೆ ಮುಂದುವರಿಯುತ್ತದೆ. ಸಣ್ಣ ಮೊತ್ತ ಸಾಕೆನ್ನುವವರು ಜೀವವಿಮಾ ಕಂಪನಿಗಳು ಒಂದೇ ಷರತ್ತಿನಲ್ಲಿ ಕೊಡುವ ಸರಳ ಜೀವನ ಬಿಮಾ ವಿಚಾರಿಸಿ, ₹5 ಲಕ್ಷದಿಂದ ₹25 ಲಕ್ಷದವರೆಗೆ ಇದೆ. ಇಲ್ಲಿಯೂ ಆರೋಗ್ಯದ ಪ್ರಶ್ನೆಗಳಿರುತ್ತವೆ.

ಕಾಯಿಲೆಗೆ ಮೊದಲು ಮಾಡಿಸಿದ ಹಳೆಯ ಪಾಲಿಸಿ ಇದ್ದರೆ ಅದು ಬಂಗಾರ. ಯಾವ ಕಾರಣಕ್ಕೂ ಅದನ್ನು ಮುರಿದು ಹೊಸದಕ್ಕೆ ಹಾಕಬೇಡಿ. ಸಾಲವನ್ನು ಕಡಿಮೆ ಬಡ್ಡಿಯ ಬ್ಯಾಂಕಿಗೆ ವರ್ಗಾಯಿಸುವಾಗ ಹಳೆಯ ಗುಂಪು ವಿಮೆಯ ಹಣ ವಾಪಸ್ ಬರುತ್ತದೆ ಎಂದು ಆಸೆ ತೋರಿಸಿದರೂ, ಹೊಸ ವಿಮೆ ಕೈಗೆ ಬರುವವರೆಗೆ ಒಪ್ಪಬೇಡಿ. ಎಲ್ಲಿಯೂ ವಿಮೆ ಸಿಗದಿದ್ದರೆ ಆ ಪ್ರೀಮಿಯಂ ದುಡ್ಡನ್ನೇ ವರ್ಷಕ್ಕೊಮ್ಮೆ ಅಸಲಿಗೆ ಕಟ್ಟಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲು ತೀರಿಸಲು ವೈಯಕ್ತಿಕ ಸಾಲಗಾರರಿಗೆ ದಂಡವಿಲ್ಲ.

ಗುಂಪು ವಿಮೆಯವರು ಇನ್ನೊಂದನ್ನು ನೋಡಬೇಕು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಬಡ್ಡಿದರ) 4%ನಿಂದ 6.5%ಗೆ ಏರಿದಾಗ ಅನೇಕರ ಕಂತು ಹಾಗೇ ಉಳಿದು ಸಾಲದ ಅವಧಿ ವರ್ಷಗಟ್ಟಲೆ ಉದ್ದವಾಯಿತು. ವಿಮೆ ಮಾತ್ರ ಮೊದಲಿನ ಪಟ್ಟಿಯಂತೆಯೇ ಇಳಿಯುತ್ತಾ ಹೋಗುತ್ತದೆ. ಈ ವರ್ಷದ ಸಾಲದ ಬಾಕಿ ಎಷ್ಟು, ಪ್ರಮಾಣಪತ್ರದ ಪಟ್ಟಿಯಲ್ಲಿ ಈ ವರ್ಷದ ಮೊತ್ತ ಎಷ್ಟು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅನ್ಯಾಯವಾದರೆ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ ಸೌಧ ಕಟ್ಟಡದಲ್ಲಿದೆ. ₹50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ಮೈಸೂರು, ಮಂಡ್ಯ ಎರಡರಲ್ಲೂ ಜಿಲ್ಲಾ ಗ್ರಾಹಕರ ಆಯೋಗಗಳಿವೆ.

ಓಂಬುಡ್ಸ್‌ಮನ್ ಬಳಿಗೆ ಕಂಪನಿ ದೂರನ್ನು ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅಕ್ಕನಿಗಾಗಿ ನಾನು ಇದನ್ನೆಲ್ಲ ತಿಳಿದುಕೊಳ್ಳುವ ಹೊತ್ತಿಗೆ ಆ ವರ್ಷ ಕಳೆದುಹೋಗಿತ್ತು.

ಈಗ ನಮ್ಮ ಬೀರುವಿನಲ್ಲಿ ಮನೆಯ ಕಾಗದದ ಫೋಲ್ಡರಿನ ಪಕ್ಕದಲ್ಲೇ ನೀಲಿ ಫೋಲ್ಡರ್ ಒಂದಿದೆ. ಪಾಲಿಸಿ, ಬದಲಿ ಪ್ರಸ್ತಾವದ ಪತ್ರ, ಡಿಸ್ಚಾರ್ಜ್ ಸಾರಾಂಶ, ಭವಿಷ್ಯನಿಧಿಯ ಸಂಖ್ಯೆ, ನಾಮಿನಿಯ ಆಧಾರ್ ನಕಲು ಅದರಲ್ಲಿವೆ. ಮೇಲೆ ಪ್ರೀಮಿಯಂ ಕಟ್ಟುವ ತಾರೀಖು ಬರೆದಿದ್ದೇವೆ. ಕಳೆದ ಆಯುಧಪೂಜೆಯ ದಿನ ಬೀರು ಒರೆಸುವಾಗ ಅದು ಎಲ್ಲಿದೆ, ಅದರಲ್ಲಿ ಏನೇನಿದೆ ಎಂದು ಮಗಳಿಗೆ ತೆಗೆದು ತೋರಿಸಿದೆವು.